ನೂರಕ್ಕೆ ನೂರು ಅಂಕ, ಬೆಳಗ್ಗೆ ಉಬ್ಬಿದ ಹೊಟ್ಟೆ

ರೆಸ್‌ಮೆಡ್ ಕಂಪನಿಯ ಸಿಪ್ಯಾಪ್ ಯಂತ್ರ, ಅಂದರೆ ನಿದ್ದೆಯಲ್ಲಿ ಗಂಟಲು ಮುಚ್ಚದಂತೆ ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಡುವ ಯಂತ್ರ, ಹಾಕಿಕೊಂಡು ಮಲಗುವವರಿಗಾಗಿ ಮೈಏರ್ ಎಂಬ ಆ್ಯಪ್ ಇದೆ. ಹಿಂದಿನ ರಾತ್ರಿ ಹೇಗೆ ಕಳೆಯಿತು ಎಂಬುದಕ್ಕೆ ಅದು ಬೆಳಗ್ಗೆ ನೂರಕ್ಕೆ ಇಂತಿಷ್ಟು ಎಂದು ಅಂಕ ಕೊಡುತ್ತದೆ. ಯಂತ್ರ ಏಳು ಗಂಟೆ ಓಡಿದ್ದರೆ 70 ಅಂಕ, ಮಾಸ್ಕಿನಿಂದ ಗಾಳಿ ಸೋರದಿದ್ದರೆ 20, ಉಸಿರು ಕಟ್ಟಿದ್ದು ಕಡಿಮೆಯಿದ್ದರೆ 5, ನಡುರಾತ್ರಿ ಮಾಸ್ಕನ್ನು ಪದೇ ಪದೇ ಕಿತ್ತು ಹಾಕದಿದ್ದರೆ ಇನ್ನೊಂದು 5. ಹೊಟ್ಟೆಗೆ ಮಾತ್ರ ಅಂಕವೇ ಇಲ್ಲ. ರಾತ್ರಿಯಿಡೀ ಗಾಳಿ ನುಂಗಿ, ಬೆಳಗ್ಗೆ ಹೊಟ್ಟೆ ಬಿಗಿದು, ತೇಗಿ ತೇಗಿ ಸುಸ್ತಾಗಿ ಕೂತವರ ಮೊಬೈಲಿನಲ್ಲೂ ನೂರಕ್ಕೆ ನೂರು ಮಿನುಗಬಹುದು.

ಒಂದು ಆ್ಯಪನ್ನು ದೂರುವುದಕ್ಕಾಗಿ ಈ ಮಾತಲ್ಲ. ಸ್ಲೀಪ್ ಆಪ್ನಿಯಾ ಚಿಕಿತ್ಸೆಯ ಇಡೀ ಪದ್ಧತಿಯೇ ಗಂಟಲಿನ ಲೆಕ್ಕ ಇಡುತ್ತದೆ, ಹೊಟ್ಟೆಯ ಲೆಕ್ಕ ಬಿಡುತ್ತದೆ. ಗಾಳಿ ನುಂಗುವ ಈ ತೊಂದರೆಗೆ ವೈದ್ಯರು ಏರೋಫೇಜಿಯಾ ಎನ್ನುತ್ತಾರೆ. ಮಾಸ್ಕಿನ ಒತ್ತಡದಿಂದ ಹುಟ್ಟಿದ ತೊಂದರೆ ಇದು. ಪರಿಹಾರವನ್ನೂ ಆ ಒತ್ತಡದಲ್ಲೇ ಹುಡುಕಬೇಕು. ಆದರೆ ರೋಗಿಗೆ ಸಿಗುವ ಸಲಹೆಯಲ್ಲಿ ಹೆಚ್ಚಿನ ಪಾಲು ಊಟ, ಮಾತ್ರೆ, ಕಷಾಯಗಳದ್ದು.

ತೊಂದರೆಯ ಬೇರು ದೇಹರಚನೆಯಲ್ಲೇ ಇದೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುವುದೇ ಆಪ್ನಿಯಾ. ಗೊರಕೆ ತಟ್ಟನೆ ನಿಲ್ಲುತ್ತದೆ, ಕೆಲವು ಸೆಕೆಂಡು ಉಸಿರೇ ಇರುವುದಿಲ್ಲ, ಆಮೇಲೆ ಬೆಚ್ಚಿಬಿದ್ದಂತೆ ಗಾಳಿ ಎಳೆದುಕೊಳ್ಳುತ್ತಾರೆ. ಗಂಟೆಗೆ 30 ಬಾರಿ ಅಥವಾ ಅದಕ್ಕೂ ಹೆಚ್ಚು ಹೀಗಾದರೆ ಅದು ತೀವ್ರ ಕಾಯಿಲೆ. ಕತ್ತಿನ ಮುಂಭಾಗದಲ್ಲಿ ತೂತು ಮಾಡಿ ಶ್ವಾಸನಾಳಕ್ಕೆ ಕೊಳವೆ ಇಡುವುದೇ ಒಂದು ಕಾಲದಲ್ಲಿ ಇದಕ್ಕಿದ್ದ ಖಚಿತ ಚಿಕಿತ್ಸೆ. 1980ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮೂಗಿನ ಮೂಲಕ ಒತ್ತಡದ ಗಾಳಿ ಹಾಯಿಸಿ, ಗಂಟಲನ್ನು ಒಳಗಿನಿಂದಲೇ ತೆರೆದಿಡುವ ಉಪಾಯ ಮಾಡಿದರು. 1981ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರ ತಂಡದ ವರದಿ ಬಂತು. ಅದರಲ್ಲಿದ್ದವರು ಐದೇ ರೋಗಿಗಳು. ಅವರಿಗೆ ಬೇಕಾದ ಒತ್ತಡ 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು. ಇವತ್ತು ಮಾರಾಟವಾಗುವ ಯಂತ್ರಗಳು 20ರವರೆಗೆ ಒತ್ತಡ ಏರಿಸಬಲ್ಲವು.

ಹಾಗೆ ಒಳಹೊಕ್ಕ ಗಾಳಿಗೆ ಗಂಟಲಿನಲ್ಲಿ ಎರಡು ದಾರಿಗಳು ಎದುರಾಗುತ್ತವೆ. ಒಂದು ಶ್ವಾಸಕೋಶಕ್ಕೆ, ಇನ್ನೊಂದು ಅನ್ನನಾಳಕ್ಕೆ. ಅನ್ನನಾಳದ ಮೇಲುತುದಿಯಲ್ಲೂ ಕೆಳತುದಿಯಲ್ಲೂ ಬಿಗಿಯಾದ ಸ್ನಾಯು ಬಳೆಗಳಿರುವುದರಿಂದ ಸಾಮಾನ್ಯವಾಗಿ ಗಾಳಿ ಹೊಟ್ಟೆಗೆ ಇಳಿಯುವುದಿಲ್ಲ. ಕೆಳಗಿನ ಬಳೆಯ ವಿಶ್ರಾಂತ ಬಿಗಿ ಆರೋಗ್ಯವಂತರಲ್ಲಿ ಸುಮಾರು 10ರಿಂದ 30 ಮಿಲಿಮೀಟರ್ ಪಾದರಸದಷ್ಟು. ಯಂತ್ರದ 15 ಸೆಂಟಿಮೀಟರ್ ನೀರಿನ ಒತ್ತಡವನ್ನು ಅದೇ ಅಳತೆಗೆ ಬದಲಿಸಿದರೆ ಸುಮಾರು 11 ಆಗುತ್ತದೆ. ಬಳೆ ಗಟ್ಟಿಯಾಗಿರುವವರಿಗೆ ಇದು ಲೆಕ್ಕಕ್ಕಿಲ್ಲ. ಸಡಿಲವಾಗಿರುವವರಲ್ಲಿ ಬಾಗಿಲು ತೆರೆದುಕೊಳ್ಳಬಹುದು. ಇದರ ಜೊತೆಗೆ, ಎಂಜಲು ನುಂಗಿದಾಗಲೆಲ್ಲ ಎರಡೂ ಬಳೆಗಳು ತಾವಾಗಿ ಸಡಿಲಗೊಳ್ಳುತ್ತವೆ. ನಿದ್ದೆ ಕೆಟ್ಟು ಹೊರಳಾಡುವವರು ಹೆಚ್ಚು ನುಂಗುತ್ತಾರೆ, ನುಂಗಿದಾಗಲೆಲ್ಲ ಮೇಲಿಂದ ಒತ್ತುತ್ತಿರುವ ಗಾಳಿಯೂ ಕೆಳಗಿಳಿಯುತ್ತದೆ.

ಹೀಗೆ ಹೊಟ್ಟೆ ಉಬ್ಬಿಸಿಕೊಂಡು ಎದ್ದವರು ನಮ್ಮಲ್ಲಿ ಮೊದಲು ಮಾಡುವ ಕೆಲಸ ಮೆಡಿಕಲ್ ಶಾಪಿಗೆ ಹೋಗುವುದು. ಗ್ಯಾಸ್ಟ್ರಿಕ್ ಎಂದು ಹೇಳಿದರೆ ಸಾಕು, ಪ್ಯಾಂಟೊಪ್ರಜೋಲ್ ಮಾತ್ರೆ ಕೈಗೆ ಬರುತ್ತದೆ. ಅದು ಆಮ್ಲ ತಗ್ಗಿಸುವ ಮಾತ್ರೆ, ಗಾಳಿಯ ಗೊಡವೆಗೆ ಅದು ಹೋಗುವುದಿಲ್ಲ. ಸಿಮೆಥಿಕೋನ್ ಇರುವ ಗುಲಾಬಿ ಬಣ್ಣದ ಔಷಧಿ ಸಣ್ಣ ಗುಳ್ಳೆಗಳನ್ನು ಒಡೆದು ದೊಡ್ಡದಾಗಿ ಕೂಡಿಸುತ್ತದೆ, ತೇಗು ಬರಲು ಸ್ವಲ್ಪ ಸಹಾಯ ಆಗಬಹುದು, ಆದರೆ ಗಾಳಿಯ ಪ್ರಮಾಣ ಒಂದಿಷ್ಟೂ ತಗ್ಗುವುದಿಲ್ಲ. ನೀರಿಗೆ ಹಾಕಿದರೆ ಬುಸ್ಸೆಂದು ನೊರೆಯೇಳುವ ಫ್ರೂಟ್ ಸಾಲ್ಟ್ ಪುಡಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದರಲ್ಲಿರುವ ಸೋಡಾ ಹೊಟ್ಟೆಯೊಳಗೆ ಇಂಗಾಲದ ಡೈ ಆಕ್ಸೈಡ್ ಹುಟ್ಟಿಸುತ್ತದೆ. ಗಾಳಿ ತುಂಬಿದ ಹೊಟ್ಟೆಗೆ ಮತ್ತಷ್ಟು ಗಾಳಿ ಸೇರಿಸಿ ತೇಗಿಸುವ ಆ ಉಪಾಯಕ್ಕೆ ಚಿಕಿತ್ಸೆಯೆಂಬ ಹೆಸರು ಸಲ್ಲದು.

ಎಲ್ಲ ಉಬ್ಬರಕ್ಕೂ ಮಾಸ್ಕೇ ಕಾರಣ ಎನ್ನುವಂತೆಯೂ ಇಲ್ಲ. ಮಾಗಿಯ ಅವರೆಕಾಯಿ ದಿನಗಳಲ್ಲಿ ಹಿತಕಿದ ಬೇಳೆ ಸಾರು ಉಂಡು ಮಲಗಿದವರ ಹೊಟ್ಟೆ ಯಂತ್ರವಿಲ್ಲದೆಯೂ ಉಬ್ಬುತ್ತದೆ. ಅದು ದೊಡ್ಡ ಕರುಳಿನಲ್ಲಿ ಕಾಳು ಹುಳಿತು ಹುಟ್ಟುವ ಅನಿಲ, ಉಂಡು ಕೆಲವು ಗಂಟೆಗಳ ಮೇಲೆ ಕಾಣಿಸಿಕೊಳ್ಳುತ್ತದೆ. ನುಂಗಿದ ಗಾಳಿಯ ಗುರುತು ಬೇರೆ. ಏಳುವ ಹೊತ್ತಿಗೇ ಪಕ್ಕೆಲುಬಿನ ಕೆಳಗೆ ಬಿಗಿತ, ವಾಸನೆಯಿಲ್ಲದ ಸಾಲು ಸಾಲು ತೇಗು, ಹೊತ್ತೇರಿದಂತೆ ಇಳಿತ, ಮಾಸ್ಕ್ ಹಾಕದ ರಾತ್ರಿಯ ಮರುದಿನ ಏನೂ ಇಲ್ಲ. ಹೊಟ್ಟೆ ಹೇಗಿತ್ತು ಎಂದು ಕೆಲವು ದಿನ ಬೆಳಗ್ಗೆ ಒಂದು ಸಾಲು ಬರೆದಿಟ್ಟರೆ ವೈದ್ಯರ ಮುಂದೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಯಂತ್ರದ ನೆನಪಿನ ಕಾರ್ಡಿನಲ್ಲಿ ಆ ಒಂದು ಸಾಲು ಎಲ್ಲೂ ಸಿಗುವುದಿಲ್ಲವಲ್ಲ.

ಸಂಶೋಧನೆ ಈ ವಿಷಯದಲ್ಲಿ ಕಡಿಮೆ. ಇರುವಷ್ಟರಲ್ಲಿ ಮುಖ್ಯವಾದ ಒಂದು ಅಧ್ಯಯನ ಅಮೆರಿಕದ ಸಿಯಾಟಲ್‌ನಿಂದ 2008ರಲ್ಲಿ ಬಂತು. ಗಾಳಿ ನುಂಗುವ ತೊಂದರೆಯಿದ್ದ 22 ಮಂದಿ ಸಿಪ್ಯಾಪ್ ಬಳಕೆದಾರರನ್ನು, ತೊಂದರೆಯಿಲ್ಲದ 22 ಮಂದಿಯ ಜೊತೆ ಹೋಲಿಸಿ ನೋಡಿದರು. ಮೊದಲ ಗುಂಪಿನಲ್ಲಿ 17 ಜನರಿಗೆ ಹುಳಿತೇಗು, ಎದೆಯುರಿಯಂಥ ಆಮ್ಲ ಹಿಮ್ಮುಖ ಹರಿವಿನ ಲಕ್ಷಣಗಳಿದ್ದವು, ಎರಡನೆಯದರಲ್ಲಿ 8 ಜನರಿಗೆ. ಆಸ್ಟ್ರೇಲಿಯಾದ ಪರ್ತ್ ನಗರದ ತಂಡವೂ 2013ರಲ್ಲಿ ರಾತ್ರಿಯ ಹುಳಿತೇಗಿಗೂ ಗಾಳಿ ನುಂಗುವುದಕ್ಕೂ ನಂಟಿದೆ ಎಂದು ಕಂಡಿತು. ಕೆಳಗಿನ ಬಳೆ ಸಡಿಲವಾದವರಲ್ಲಿ ಆಮ್ಲ ಮೇಲೇರುತ್ತದೆ, ಗಾಳಿ ಕೆಳಗಿಳಿಯುತ್ತದೆ ಎಂಬ ಊಹೆಗೆ ಇದು ಹೊಂದುತ್ತದೆ. ಆದರೆ ಅನೇಕರಲ್ಲಿ ಸಿಪ್ಯಾಪ್ ಹುಳಿತೇಗನ್ನು ಕಡಿಮೆ ಮಾಡಿದ್ದೂ ದಾಖಲಾಗಿದೆ. ಒಬ್ಬರಿಗೆ ಉಪಕಾರ ಮಾಡಿದ ಒತ್ತಡವೇ ಇನ್ನೊಬ್ಬರನ್ನು ಕಾಡುತ್ತದೆ. ಇಲ್ಲಿ ಎಲ್ಲರಿಗೂ ಒಂದೇ ಸಲಹೆ ಹಂಚುವುದು ತಪ್ಪು ಎನ್ನಲು ಇಷ್ಟು ಸಾಕು. ರಾತ್ರಿ ಎದೆಯುರಿ ಇದ್ದವರಿಗೆ ಆಮ್ಲದ ಚಿಕಿತ್ಸೆಗೆ ಅರ್ಥವಿದೆ. ಇಲ್ಲದವರಿಗೆ ತಿಂಗಳುಗಟ್ಟಲೆ ಆ ಮಾತ್ರೆ ನುಂಗಿಸುವುದಕ್ಕೆ ಅರ್ಥವಿಲ್ಲ.

ಗಟ್ಟಿಯಾದ ಪುರಾವೆ ಇರುವುದು ಒತ್ತಡ ತಗ್ಗಿಸುವುದರ ಪರವಾಗಿ. ಆಸ್ಟ್ರೇಲಿಯಾದಲ್ಲೇ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಗಾಳಿ ನುಂಗಿ ನರಳುತ್ತಿದ್ದ 56 ಮಂದಿಗೆ ಸ್ವಲ್ಪ ಕಾಲ ಸ್ಥಿರ ಒತ್ತಡವನ್ನೂ ಸ್ವಲ್ಪ ಕಾಲ ಆಟೋ ವಿಧಾನವನ್ನೂ ಕೊಟ್ಟು ನೋಡಿದರು. ಆಟೋ ಎಂದರೆ ಗಂಟಲು ಮುಚ್ಚುವ ಸೂಚನೆ ಬಂದಾಗ ಒತ್ತಡ ಏರಿಸಿ, ಬೇಡವಾದಾಗ ಇಳಿಸುವ ವಿಧಾನ. ಸ್ಥಿರ ವಿಧಾನದಲ್ಲಿ 14 ಇದ್ದ ಮಧ್ಯಾಂಕ ಒತ್ತಡ ಆಟೋದಲ್ಲಿ 9.8ಕ್ಕೆ ಇಳಿಯಿತು. ಉಬ್ಬರ, ತೇಗು, ಅಪಾನವಾಯು ಎಲ್ಲವೂ ಕಡಿಮೆಯಾದವು. ಯಂತ್ರ ಬಳಸಿದ ಗಂಟೆಗಳು ಮಾತ್ರ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಬಳಕೆಯ ಗಂಟೆಯನ್ನೇ ಯಶಸ್ಸಿನ ಅಳತೆ ಎಂದುಕೊಂಡವರು ಇದನ್ನು ಸೋಲು ಎಂದಾರು. ಅದೇ ಗಂಟೆಗಳನ್ನು ಕಡಿಮೆ ಉಬ್ಬರದೊಂದಿಗೆ ಕಳೆಯುವುದು ರೋಗಿಯ ಪಾಲಿಗೆ ದೊಡ್ಡ ಲಾಭ. ಹೊಟ್ಟೆಯ ಲೆಕ್ಕ ಇಟ್ಟ ಪ್ರಯೋಗವಾದ್ದರಿಂದಲೇ ಆ ಲಾಭ ಕಣ್ಣಿಗೆ ಬಿತ್ತು.

ಆದರೆ ಆಟೋ ಯಂತ್ರ ತಂದಿಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕಾರ್ಖಾನೆಯಿಂದ ಅದು 4ರಿಂದ 20ರ ವ್ಯಾಪ್ತಿಯಲ್ಲೇ ಬರುತ್ತದೆ. ನಮ್ಮ ಊರುಗಳಲ್ಲಿ ಯಂತ್ರವನ್ನು ಮನೆಗೆ ತಂದು, ಮಾಸ್ಕ್ ಕಟ್ಟಿ ತೋರಿಸಿ ಹೋಗುವವರು ಎಷ್ಟೋ ಸಲ ಮಾರಾಟ ಸಂಸ್ಥೆಯ ಹುಡುಗರು. ವ್ಯಾಪ್ತಿಯನ್ನು ಹಾಗೇ ಬಿಟ್ಟು ಹೋದರೆ ಎರಡು ಕಡೆಯಿಂದ ಪೆಟ್ಟು. 4 ಎನ್ನುವುದು ಅನೇಕರಿಗೆ ತೀರಾ ಕಡಿಮೆ. ಗಂಟಲು ಮುಚ್ಚಿದ ಮೇಲೆ ಯಂತ್ರ ಅದನ್ನು ಬೆನ್ನಟ್ಟಿ ಮೇಲೇರುತ್ತದೆ, ಬೆಳಗಿನ ಜಾವಕ್ಕೆ ಒತ್ತಡ ಎಲ್ಲೋ ಮುಟ್ಟಿರುತ್ತದೆ. ಆದ್ದರಿಂದ ಕೆಲವರಲ್ಲಿ ಕೆಳಮಿತಿಯನ್ನು ಕೊಂಚ ಏರಿಸಿದರೆ ಮೇಲಿನ ಏರಿಕೆ ತಾನಾಗಿ ತಗ್ಗುತ್ತದೆ. ಇನ್ನು ಕೆಲವರಿಗೆ ಮೇಲ್ಮಿತಿಗೇ ಕಟ್ಟುಹಾಕಬೇಕಾಗುತ್ತದೆ. ಯಾರಿಗೆ ಯಾವುದು ಎಂಬುದನ್ನು ಕೆಲವು ವಾರಗಳ ಮಾಹಿತಿ ಇಳಿಸಿಕೊಂಡು, ಯಾವ ಹೊತ್ತಿನಲ್ಲಿ ಒತ್ತಡ ಏರಿತು, ಆಗ ಮಾಸ್ಕ್ ಸೋರುತ್ತಿತ್ತೇ ಎಂದು ನೋಡಿಯೇ ನಿರ್ಧರಿಸಬೇಕು. ಹತ್ತಾರು ಸಾವಿರ ರೂಪಾಯಿ ಕೊಟ್ಟು ಯಂತ್ರ ಕೊಂಡವರಿಗೆ ಈ ಒಂದು ಗಂಟೆಯ ಪರಿಶೀಲನೆ ಸಿಗದಿರುವುದು ಅನ್ಯಾಯ.

ಉಬ್ಬರ ತಾಳಲಾಗದೆ ತಾವೇ ಒತ್ತಡ ಇಳಿಸಿಕೊಳ್ಳುವವರೂ ಇದ್ದಾರೆ. ಅವರ ಕಷ್ಟ ಅರ್ಥವಾಗುವಂಥದ್ದು, ದಾರಿ ಮಾತ್ರ ಅಪಾಯದ್ದು. ಹೊಟ್ಟೆ ಹಗುರಾದರೂ ಗಂಟಲು ಮತ್ತೆ ಮುಚ್ಚತೊಡಗಿದರೆ ಆಮ್ಲಜನಕ ಕುಸಿಯುತ್ತದೆ, ಹಗಲು ತೂಕಡಿಕೆ ಮರಳುತ್ತದೆ. ರಾತ್ರಿ ಬಸ್ಸು, ಲಾರಿ ಓಡಿಸುವವರಲ್ಲಿ ಆ ತೂಕಡಿಕೆ ಅವರೊಬ್ಬರ ಸಮಸ್ಯೆಯಾಗಿ ಉಳಿಯುವುದಿಲ್ಲ.

ಉಸಿರು ಬಿಡುವಾಗ ಒತ್ತಡವನ್ನು ತುಸು ಇಳಿಸುವ ಸೌಲಭ್ಯ ಈಗಿನ ಹೆಚ್ಚಿನ ಯಂತ್ರಗಳಲ್ಲಿದೆ. ರೆಸ್‌ಮೆಡ್‌ನವರು ಇಪಿಆರ್ ಎನ್ನುತ್ತಾರೆ, 3 ಸೆಂಟಿಮೀಟರ್‌ವರೆಗೆ ಇಳಿಸಬಹುದು. ಉಸಿರು ಬಿಡುವುದು ಹಗುರಾಗುತ್ತದೆ, ಸರಾಸರಿ ಒತ್ತಡವೂ ತಗ್ಗುತ್ತದೆ, ಹೊಟ್ಟೆಗೆ ಅನುಕೂಲವಾದವರಿದ್ದಾರೆ. ಆದರೆ ಆ ಇಳಿಕೆಯ ಹೊತ್ತಿನಲ್ಲೇ ಗಂಟಲು ಕುಸಿಯುವವರಿಗೆ ಮೂಲ ಒತ್ತಡವನ್ನೇ ಏರಿಸಬೇಕಾಗಿ ಬಂದು ಗಳಿಸಿದ್ದು ಕಳೆದುಹೋಗುತ್ತದೆ. ಹಾಗಾಗಿ ಇದನ್ನು ಒಮ್ಮೆ ಪ್ರಯತ್ನಿಸಿ ನೋಡಬೇಕಾದ ಸಾಧನ ಎನ್ನಬಹುದೇ ಹೊರತು ಭರವಸೆಯ ಮದ್ದು ಎನ್ನಲಾಗದು. ಕೋವಿಡ್ ಕಾಲದಲ್ಲಿ ಮನೆಮಾತಾದ ಬೈಪ್ಯಾಪ್ ಇದರ ಮುಂದಿನ ಮೆಟ್ಟಿಲು. ಒಳಗೆಳೆವ ಉಸಿರಿಗೂ ಬಿಡುವ ಉಸಿರಿಗೂ ಬೇರೆ ಬೇರೆ ಒತ್ತಡ ಕೊಡುವ ಈ ಯಂತ್ರ ದುಬಾರಿ. 15ರ ಆಸುಪಾಸಿನ ಒತ್ತಡ ಬೇಕಾಗಿ, ಅದನ್ನು ತಾಳಲಾಗದವರಿಗೆ ಇದನ್ನು ಯೋಚಿಸುವುದು ವಾಡಿಕೆ. ಮೊದಲ ವಾರದ ಉಬ್ಬರಕ್ಕೇ ಬೈಪ್ಯಾಪ್ ಕೊಳ್ಳಿ ಎನ್ನುವವರನ್ನು ಇನ್ನೊಮ್ಮೆ ಕೇಳಬೇಕು.

ದುಡ್ಡು ಬೇಡದ ಉಪಾಯಗಳಲ್ಲಿ ಮಲಗುವ ಭಂಗಿಗೆ ಮೊದಲ ಸ್ಥಾನ ಕೊಡಬೇಕು. ಅಂಗಾತ ಮಲಗಿದಾಗ ಅನೇಕರಿಗೆ ಗಂಟಲು ತೆರೆದಿಡಲು ಹೆಚ್ಚು ಒತ್ತಡ ಬೇಕು, ಪಕ್ಕಕ್ಕೆ ಮಲಗಿದರೆ ಕಡಿಮೆ ಸಾಕು. ಎಡಮಗ್ಗುಲಾದರೆ ಆಮ್ಲ ಮೇಲೇರುವುದೂ ತಗ್ಗುತ್ತದೆ. ಒಂದೇ ಬದಲಾವಣೆ ಗಂಟಲಿಗೂ ಹೊಟ್ಟೆಗೂ ಒದಗುವುದು ಅಪರೂಪ. ತಲೆದಿಂಬನ್ನು ಎರಡು ಮಾಡುವುದಕ್ಕಿಂತ ಮಂಚದ ತಲೆಯ ಕಡೆಯ ಕಾಲುಗಳನ್ನೇ ಎತ್ತರಿಸುವುದು ಮೇಲು. ದಿಂಬು ಹೆಚ್ಚಾದರೆ ಕತ್ತು ಮುಂದಕ್ಕೆ ಬಾಗಿ ಗಂಟಲು ಇನ್ನಷ್ಟು ಇಕ್ಕಟ್ಟಾಗುತ್ತದೆ. ರಾತ್ರಿ ಹತ್ತೂವರೆಗೆ ಮುದ್ದೆ ಉಂಡು ಹನ್ನೊಂದಕ್ಕೆ ಮಾಸ್ಕ್ ಕಟ್ಟುವ ನಗರದ ಅಭ್ಯಾಸ ಬಿಟ್ಟು ಊಟವನ್ನು ಎರಡು ಮೂರು ಗಂಟೆ ಹಿಂದಕ್ಕೆ ತಳ್ಳಿದರೆ ಹುಳಿತೇಗು ಇರುವವರಿಗೆ ನೆರವಾಗುತ್ತದೆ. ಮೂಗು ಕಟ್ಟಿದವರು ಬಾಯಲ್ಲಿ ಉಸಿರಾಡುತ್ತಾರೆ, ಗಾಳಿ ಸೋರುತ್ತದೆ, ಬಾಯಿ ಒಣಗಿ ಮತ್ತೆ ಮತ್ತೆ ನುಂಗುತ್ತಾರೆ. ಅಂಥವರು ಹೊಟ್ಟೆಯ ಔಷಧಿಗಿಂತ ಮೊದಲು ಮೂಗಿನ ಚಿಕಿತ್ಸೆ ಮಾಡಿಸಿಕೊಳ್ಳಬೇಕು, ಯಂತ್ರದ ತೇವಾಂಶವನ್ನೂ ಸರಿಪಡಿಸಿಕೊಳ್ಳಬೇಕು. ಮೂಗಿನ ಮಾಸ್ಕೋ, ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕೋ ಎಂಬ ವಾದಕ್ಕೆ ಒಂದೇ ಉತ್ತರ ಇಲ್ಲ. ಬಾಡಿಗೆಗೆ ಎರಡನ್ನೂ ಹಾಕಿ ನೋಡಲು ಅವಕಾಶ ಕೊಡುವ ಅಂಗಡಿ ಒಳ್ಳೆಯ ಅಂಗಡಿ.

ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ವಾಂತಿ ಆಗುತ್ತಿದ್ದರೆ, ತೀವ್ರ ನೋವಿದ್ದರೆ ಈ ಯಾವ ಉಪಾಯವೂ ಬೇಡ, ಮಾಸ್ಕ್ ತೆಗೆದು ಆಸ್ಪತ್ರೆಗೆ ಹೋಗಬೇಕು. ಇತ್ತೀಚೆಗೆ ಹೊಟ್ಟೆಯ ಅಥವಾ ಅನ್ನನಾಳದ ಶಸ್ತ್ರಚಿಕಿತ್ಸೆ ಆದವರು ಅದನ್ನು ನಿದ್ರಾ ವೈದ್ಯರಿಗೆ ಮೊದಲೇ ಹೇಳಿರಬೇಕು.

ಇಷ್ಟೆಲ್ಲ ಆದ ಮೇಲೂ ಕೆಲವರಿಗೆ ಯಂತ್ರ ಒಗ್ಗುವುದಿಲ್ಲ. ಭಾರತವೂ ಸೇರಿ ಏಳು ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸೇವ್ ಪ್ರಯೋಗದಲ್ಲಿ ಯಂತ್ರ ಪಡೆದವರ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ. ಅರ್ಧರಾತ್ರಿಗೇ ಮಾಸ್ಕ್ ಕಳಚಿದವರಲ್ಲಿ ಹೊಟ್ಟೆಯ ಕಾರಣಕ್ಕೆ ಕಳಚಿದವರು ಎಷ್ಟು ಎಂಬುದು ಆ ಸರಾಸರಿಯೊಳಗೆ ಕಾಣುವುದಿಲ್ಲ. ಸೌಮ್ಯ ಅಥವಾ ಮಧ್ಯಮ ಆಪ್ನಿಯಾ ಇರುವವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಹಲ್ಲಿನ ಸಾಧನ ಒಂದು ಒಳ್ಳೆಯ ದಾರಿ, ಅದರಲ್ಲಿ ಗಾಳಿ ನುಂಗುವ ಮಾತೇ ಇಲ್ಲ. ತೂಕ ಇಳಿದರೆ ಬೇಕಾದ ಒತ್ತಡವೂ ಇಳಿಯುತ್ತದೆ. ಸ್ಥೂಲಕಾಯದ ಜೊತೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವವರಿಗೆ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಡಿಸೆಂಬರಿನಲ್ಲಿ ಒಪ್ಪಿತು. ಆ ಮದ್ದು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ, ವಾಕರಿಕೆ, ಉಬ್ಬರ ತರಬಲ್ಲದು. ಅದನ್ನು ಸಿಪ್ಯಾಪ್ ಜೊತೆಗೆ ಶುರು ಮಾಡಿದವರ ಹೊಟ್ಟೆ ಉಬ್ಬಿದರೆ ಕಾರಣ ಯಂತ್ರವೋ ಚುಚ್ಚುಮದ್ದೋ ಎಂದು ಬಿಡಿಸಲು, ಚುಚ್ಚಿಸಿಕೊಂಡ ದಿನವನ್ನೂ ಮಾಸ್ಕಿನ ರಾತ್ರಿಗಳನ್ನೂ ಒಂದೇ ಪುಟದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಬೇಕಾಗುತ್ತದೆ.