ವೇಷಕ್ಕೆ ದುಡ್ಡಿಲ್ಲದಾಗ

1950ರ ದಶಕದ ಅಮೆರಿಕದಲ್ಲಿ ಅಗ್ಗದ ವೆಚ್ಚಕ್ಕೆ ತಯಾರಾದ ವೈಜ್ಞಾನಿಕ ಭಯಾನಕ ಚಿತ್ರಗಳ ಬಗ್ಗೆ ಎರಡು ಬಗೆಯ ಮಾತು ಚಾಲ್ತಿಯಲ್ಲಿದೆ. ಒಂದು ಗೇಲಿಯದು: ಗೊರಿಲ್ಲಾ ವೇಷಕ್ಕೆ ಮುಳುಗುಗಾರರ ಶಿರಸ್ತ್ರಾಣ ತೊಡಿಸಿ ಅನ್ಯಗ್ರಹದ ಜೀವಿ ಎಂದು ನಂಬಿಸಲು ಹೊರಟ 'ರೋಬೋಟ್ ಮಾನ್‌ಸ್ಟರ್' (1953) ಅದಕ್ಕೆ ಸದಾ ಒದಗುವ ಸಾಕ್ಷಿ. ಇನ್ನೊಂದು ಕನಿಕರದ್ದು: ಪಾಪ, ಅಷ್ಟು ಕಾಸಿನಲ್ಲಿ ಇಷ್ಟಾದರೂ ಮಾಡಿದರಲ್ಲ! ಗೇಲಿಗಿಂತ ಈ ಕನಿಕರವೇ ಹೆಚ್ಚು ಅನ್ಯಾಯ ಮಾಡಿದೆ. ಅದು ಬಡತನವನ್ನು ಚಿತ್ರದ ಹೊರಗೆ ಕೂರಿಸಿ ರಿಯಾಯಿತಿ ಅಂಕ ಕೊಡುತ್ತದೆ. ಈ ಪರಂಪರೆಯ ಒಳ್ಳೆಯ ಚಿತ್ರಗಳಲ್ಲಾದರೋ ಬಡತನ ಕಥೆಯೊಳಗೇ ಇಳಿದು ಭಯದ ವಿಳಾಸವನ್ನು ಬದಲಿಸಿತ್ತು.

ದೊಡ್ಡ ಸ್ಟುಡಿಯೋಗಳು ಚಿತ್ರಮಂದಿರಗಳ ಒಡೆತನ ಬಿಟ್ಟುಕೊಡಲು ದಾರಿಮಾಡಿದ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 1948ರಲ್ಲಿ. ಆಮೇಲೆ ಜೋಡಿ ಪ್ರದರ್ಶನದ ಎರಡನೇ ಚಿತ್ರ ತಯಾರಿಸುವ ಉಮೇದು ಅವಕ್ಕೆ ಕುಗ್ಗುತ್ತ ಬಂತು. ಡ್ರೈವ್-ಇನ್‌ಗಳಿಗೆ, ಬಡಾವಣೆಯ ಟಾಕೀಸುಗಳಿಗೆ ಮಾತ್ರ ಚಿತ್ರಗಳು ಬೇಕೇ ಇದ್ದವು. ಆ ತೆರವಿಗೆ ನುಗ್ಗಿದವರಲ್ಲಿ ಜೇಮ್ಸ್ ನಿಕಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ ಮುಖ್ಯರು. 1954ರಲ್ಲಿ ಇವರು ಕಟ್ಟಿದ ಸಂಸ್ಥೆಯೇ ಮುಂದೆ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಆಯಿತು. ನಿಕಲ್ಸನ್ ಮೊದಲು ಶೀರ್ಷಿಕೆ ಹುಡುಕಿ, ಪೋಸ್ಟರ್ ಬರೆಸಿ, ಅದು ಮಾರುಕಟ್ಟೆಗೆ ಹಿಡಿಸಿದ ಮೇಲೆ ಚಿತ್ರಕಥೆಯ ಮಾತೆತ್ತುತ್ತಿದ್ದುದು ಪ್ರಸಿದ್ಧ. ಪೋಸ್ಟರಿನಲ್ಲಿ ಲೋಕವೇ ನಡುಗಬಹುದಿತ್ತು, ಬಣ್ಣಕ್ಕೇನು ಖರ್ಚು! ನಿರ್ದೇಶಕನ ಕೈಯಲ್ಲಿದ್ದದ್ದು ಒಂದೆರಡು ವಾರ, ನಾಲ್ಕೈದು ಮಂದಿ ನಟರು, ಯಾರದೋ ಮನೆಯ ನಡುಕೋಣೆ.

ಸೂಸನ್ ಸೊಂಟಾಗ್ 1965ರ ತಮ್ಮ ಹೆಸರಾಂತ ಪ್ರಬಂಧದಲ್ಲಿ ಈ ಪ್ರಕಾರದ ಜೀವಾಳ ವಿಜ್ಞಾನವಲ್ಲ, ವಿನಾಶದ ಸೊಬಗು ಎಂದರು. ನಗರಗಳನ್ನು ಪುಡಿಗಟ್ಟಬಲ್ಲ ಚಿತ್ರಗಳಿಗೆ ಈ ಮಾತು ಸಲ್ಲುತ್ತದೆ. ವಿನಾಶವನ್ನು ಕೊಳ್ಳಲಾರದವರ ಗತಿಯೇನು? ಮನುಷ್ಯನ ವ್ಯಕ್ತಿತ್ವವೇ ಅಳಿಸಿಹೋಗುವ ಭಯವನ್ನೂ ಸೊಂಟಾಗ್ ಗುರುತಿಸಿದ್ದರು. ಆದರೆ ಅದಕ್ಕೂ ಹಣಕಾಸಿಗೂ ಇರುವ ನಂಟು ಅವರ ವಾದದ ಕೇಂದ್ರದಲ್ಲಿಲ್ಲ. ನನಗೆ ಆ ನಂಟೇ ಮುಖ್ಯವಾಗಿ ಕಾಣುತ್ತದೆ. ಪರಕಾಯ ಪ್ರವೇಶಕ್ಕೆ ವೇಷ ಬೇಕಿಲ್ಲ. ನಟನ ಮುಖ ಹಾಗೇ ಇರಬೇಕು, ಅದರಿಂದ ಏನೋ ಒಂದು ಕಳೆದುಹೋಗಿರಬೇಕು, ಅಷ್ಟೆ. ರೋಜರ್ ಕಾರ್ಮನ್‌ರ 'ನಾಟ್ ಆಫ್ ದಿಸ್ ಅರ್ತ್' (1957) ಚಿತ್ರದ ಅನ್ಯಗ್ರಹವಾಸಿ ಕಪ್ಪು ಕನ್ನಡಕ ಹಾಕಿದ, ಸೂಟು ತೊಟ್ಟ ಸಭ್ಯ ಗೃಹಸ್ಥ. ಸಾಯುತ್ತಿರುವ ತನ್ನ ಜನರಿಗಾಗಿ ಮನುಷ್ಯರ ರಕ್ತ ಹುಡುಕಿಕೊಂಡು ಬಂದವನು. ಕನ್ನಡಕ ತೆಗೆದರೆ ಪಾಪೆಯಿಲ್ಲದ ಬಿಳಿ ಕಣ್ಣು. ತುಟಿ ಅಲುಗದೆ ಕೇಳಿಬರುವ ದನಿ. ಸಾಲದ ಬಜೆಟ್ಟಿಗೆ ಇದಕ್ಕಿಂತ ಜಾಣ ಉತ್ತರ ಕಷ್ಟ.

ಕಾರ್ಮನ್‌ರದೇ 'ಇಟ್ ಕಾಂಕರ್ಡ್ ದ ವರ್ಲ್ಡ್' (1956) ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ರೀಲಿನಲ್ಲಿ ತೋರಿಸುತ್ತದೆ. ಪಾಲ್ ಬ್ಲೈಸ್‌ಡೆಲ್ ಕಟ್ಟಿದ ಶುಕ್ರಗ್ರಹದ ಜೀವಿ ಗುಹೆಯಿಂದ ಹೊರಬಿದ್ದ ಕ್ಷಣ ನಗು ತಡೆಯಲಾಗದು. ಆದರೆ ಅದಕ್ಕೂ ಮುಂಚೆ ಪೀಟರ್ ಗ್ರೇವ್ಸ್‌ನ ಪಾತ್ರ ಮನೆಗೆ ಬಂದು, ಹೆಂಡತಿ ಈಗಾಗಲೇ ಆ ಜೀವಿಯ ವಶವಾಗಿರುವುದನ್ನು ಕಂಡು, ಅವಳನ್ನು ಗುಂಡಿಟ್ಟು ಕೊಲ್ಲುತ್ತಾನೆ. ಆ ಸಂಸಾರದ ಕೋಣೆಯಲ್ಲಿ ಯಾರೂ ನಗುವುದಿಲ್ಲ. ಹಾಸಿಗೆ ಮೀರಿ ಕಾಲು ಚಾಚಿದಲ್ಲಿ ಚಿತ್ರ ಎಡವಿದೆ, ಹಾಸಿಗೆಯೊಳಗೆ ಇದ್ದಲ್ಲಿ ಎದೆ ನಡುಗಿಸಿದೆ.

ಇದಕ್ಕೆ ಎದುರಾಗುವ ಒಂದು ಆಕ್ಷೇಪ 'ದ ಬ್ಲಾಬ್' (1958). ಅದೂ ಅಗ್ಗದ್ದೇ, ಆದರೂ ತನ್ನ ಭೂತವನ್ನು ಧಾರಾಳವಾಗಿ ತೋರಿಸಿ ಗೆದ್ದಿತು. ನಿಜ. ಅದರ ಭೂತ ಆಕಾರವಿಲ್ಲದ ಸಿಲಿಕೋನ್ ಮುದ್ದೆ. ಕೈಕಾಲು, ಜಿಪ್ಪು, ಹೊಲಿಗೆ ಇಲ್ಲದ್ದರಿಂದ ಬಣ್ಣ ಬಯಲಾಗುವ ಭಯವಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಮನುಷ್ಯರನ್ನು ಒಳಗಿನಿಂದ ಕಬಳಿಸುವ ಈ ಕಥೆಗಳು ಕಮ್ಯುನಿಸಂ ಭೀತಿಯಿಂದಲೋ ಮೆಕಾರ್ಥಿ ಕಾಲದ ಗುಮಾನಿಯಿಂದಲೋ ಹುಟ್ಟಿದವು, ಕಾಸಿನ ಲೆಕ್ಕಕ್ಕೆ ಅವನ್ನು ಇಳಿಸುವುದು ಸರಿಯೇ ಎಂಬುದು. ಕಾಲದ ಗುಮಾನಿ ಪ್ರೇಕ್ಷಕರನ್ನು ಸಿದ್ಧಮಾಡಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಒಂದೇ ಚಿತ್ರವನ್ನು ಎಡದವರೂ ಬಲದವರೂ ತಮ್ಮದೆಂದು ಓದಲು ಸಾಧ್ಯವಾಗಿರುವಾಗ, ಆ ಉಪಾಯ ಇಷ್ಟು ಸಲ ಮರುಕಳಿಸಿದ್ದಕ್ಕೆ ಸಿದ್ಧಾಂತವೊಂದೇ ಕಾರಣವೆನ್ನುವುದು ಕಷ್ಟ. ಅದು ಅಗ್ಗವೂ ಆಗಿತ್ತು.

ಡಾನ್ ಸೀಗಲ್‌ರ 'ಇನ್ವೇಷನ್ ಆಫ್ ದ ಬಾಡಿ ಸ್ನ್ಯಾಚರ್ಸ್' (1956) ಈ ಪರಂಪರೆಯ ಶಿಖರ. ಅಲ್ಲಿ ಭಯ ಶುರುವಾಗುವುದು ಒಂದು ದೂರಿನಿಂದ: ಚಿಕ್ಕಪ್ಪ ಐರಾ ತನ್ನ ಚಿಕ್ಕಪ್ಪನಲ್ಲ ಎನ್ನುತ್ತಾಳೆ ವಿಲ್ಮಾ. ರೂಪ ಅದೇ, ನೆನಪುಗಳೂ ಅವೇ, ಕಣ್ಣಿನೊಳಗಿನ ಅಕ್ಕರೆ ಮಾತ್ರ ಇಲ್ಲ. ನಾವು ನೋಡುವುದು ಹುಲ್ಲು ಕತ್ತರಿಸುತ್ತಿರುವ ಒಬ್ಬ ಸಾಮಾನ್ಯ ಮುದುಕನನ್ನು. ನಂಬಿಸುವ ಹೊರೆ ಇಲ್ಲಿ ತಂತ್ರದ್ದಲ್ಲ, ನಮ್ಮ ಸಂಶಯದ್ದು. ಇದನ್ನು ಕೆಡಿಸಿದ್ದು ಬಡತನವಲ್ಲ, ಸ್ಟುಡಿಯೋದ ಅಂಜಿಕೆ. ಹೆದ್ದಾರಿಯಲ್ಲಿ ನಾಯಕ ಕೂಗಾಡುವಲ್ಲಿಗೆ ಮುಗಿಯಬೇಕಿದ್ದ ಕಥೆಗೆ ಹಿಂದೆಮುಂದೆ ಆಸ್ಪತ್ರೆಯ ದೃಶ್ಯಗಳನ್ನು ಅಂಟಿಸಿದರು. ಕೊನೆಗೆ ವೈದ್ಯನೊಬ್ಬ ಎಫ್‌ಬಿಐಗೆ ಫೋನು ಮಾಡಲು ಓಡುತ್ತಾನೆ. ಊರಿನ ಟೆಲಿಫೋನು ವಿನಿಮಯ ಕೇಂದ್ರವೇ ಶತ್ರುವಿನ ವಶವಾಗಿತ್ತೆಂದು ಅದೇ ಚಿತ್ರ ಮೊದಲೇ ತೋರಿಸಿದೆ. ಈ ಸಲ ತಂತಿಯ ಆಚೆ ಕೂತವನು ಇನ್ನೂ ಮನುಷ್ಯನೇ ಎಂದು ಆಸ್ಪತ್ರೆಯಲ್ಲಿ ಯಾರೂ ಕೇಳುವುದಿಲ್ಲ.