ತೆರವಿಗೆ ಹತ್ತದ ಪ್ರತ್ಯಯ: ದತ್ತಸಂಚಯ ಸಂರಚನೆಯ ಸಿದ್ಧಪ್ರಶ್ನೆಗಳು ಮತ್ತು ಕನ್ನಡ

ಮುಕ್ತ ತಂತ್ರಾಂಶದ ಕನ್ನಡ ಅನುವಾದವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಸುತ್ತಲೇ ನಡೆಯುತ್ತದೆ: ‘ಡೇಟಾಬೇಸ್’ ಎನ್ನಬೇಕೇ, ‘ದತ್ತಸಂಚಯ’ ಎನ್ನಬೇಕೇ? ತೊಡಕು ಇರುವುದು ಪದದಲ್ಲಲ್ಲ, ವಾಕ್ಯದಲ್ಲಿ ಎಂಬುದು ನಮ್ಮ ವಾದ. ಡೆಬಿಯನ್ ವ್ಯವಸ್ಥೆಯ ಡಿಬಿಕಾನ್ಫಿಗ್-ಕಾಮನ್ ಎಂಬ ಪ್ಯಾಕೇಜನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳುತ್ತೇವೆ.

ದತ್ತಸಂಚಯವನ್ನು ಅವಲಂಬಿಸಿದ ಪ್ಯಾಕೇಜುಗಳು ಸ್ಥಾಪನೆಯ ವೇಳೆ ಕೇಳುವ ಪ್ರಶ್ನೆಗಳು ಒಂದೇ ಬಗೆಯವು: ಸಂಚಯವನ್ನು ಸಂರಚಿಸಬೇಕೇ, ನಿರ್ವಾಹಕರ ಗುಪ್ತಪದ ಯಾವುದು, ಪ್ಯಾಕೇಜನ್ನು ತೆಗೆಯುವಾಗ ದತ್ತಾಂಶವನ್ನೂ ಅಳಿಸಬೇಕೇ. ಪ್ರತಿಯೊಂದು ಪ್ಯಾಕೇಜೂ ಇವನ್ನು ತನ್ನದೇ ಮಾತಿನಲ್ಲಿ ಕೇಳುವುದರ ಬದಲು ಎಲ್ಲಕ್ಕೂ ಒಂದೇ ಪಾಠವನ್ನು ಡಿಬಿಕಾನ್ಫಿಗ್-ಕಾಮನ್ ಒದಗಿಸುತ್ತದೆ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್‌ಗಳೆಲ್ಲಕ್ಕೂ ಅದು ಸಲ್ಲುತ್ತದೆ. ಒಮ್ಮೆ ಅನುವಾದಿಸಿದರೆ ಅದನ್ನು ಬಳಸುವ ಪ್ಯಾಕೇಜುಗಳೆಲ್ಲವೂ ಆ ಭಾಷೆಯಲ್ಲಿ ಮಾತನಾಡುತ್ತವೆ. ಅನುವಾದಕರು ವಿರಳವಾಗಿರುವ ಭಾಷೆಗೆ ಇದು ಸಣ್ಣ ಲಾಭವಲ್ಲ.

ಆದರೆ ಈ ಪಾಠದಲ್ಲಿ ಪ್ಯಾಕೇಜಿನ ಹೆಸರಿಗೆಂದು ಒಂದು ತೆರವನ್ನು ಬಿಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ ಪೂರ್ವಸರ್ಗ ಪ್ರತ್ಯೇಕ ಪದವಾದುದರಿಂದ ತೆರವನ್ನು ಯಾವ ಹೆಸರು ತುಂಬಿದರೂ ವಾಕ್ಯ ಕೆಡುವುದಿಲ್ಲ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ನಾಮಪ್ರಕೃತಿಯ ಕೊನೆಯನ್ನು ನೋಡಿಕೊಂಡು ಹತ್ತುತ್ತದೆ: ‘ರೌಂಡ್‌ಕ್ಯೂಬನ್ನು’, ‘ಬ್ಯಾಕುಲಾವನ್ನು’, ‘ಕ್ಯಾಕ್ಟೈಯನ್ನು’. ಮೊದಲನೆಯದರಲ್ಲಿ ಉಚ್ಚಾರಣೆಗೆಂದು ಬಂದ ಉಕಾರದ ಲೋಪ, ಎರಡನೆಯದರಲ್ಲಿ ವಕಾರಾಗಮ, ಮೂರನೆಯದರಲ್ಲಿ ಯಕಾರಾಗಮ. ಹೆಸರು ರೋಮನ್ ಲಿಪಿಯಲ್ಲೇ ಉಳಿಯುವುದರಿಂದ ಅದರ ಕೊನೆಯ ಧ್ವನಿ ಯಾವುದೆಂದು ಯಂತ್ರಕ್ಕೆ ತಿಳಿಯುವ ದಾರಿಯೂ ಇಲ್ಲ. ಹೀಗಾಗಿ ತೆರವಿನ ಮುಂದೆ ‘ಪ್ಯಾಕೇಜ್’ ಎಂಬ ನಾಮಪದವನ್ನಿಟ್ಟು ಪ್ರತ್ಯಯದ ಹೊರೆಯನ್ನು ಅದಕ್ಕೆ ವಹಿಸಬೇಕಾಗುತ್ತದೆ: ‘ರೌಂಡ್‌ಕ್ಯೂಬ್ ಪ್ಯಾಕೇಜಿಗೆ’. ಇದು ವ್ಯಾಕರಣಶುದ್ಧ ಪರಿಹಾರವೇ. ಬೆಲೆ ತೆರಬೇಕಾದುದು ಉದ್ದದಲ್ಲಿ. ಡೆಬಿಯನ್ನಿನ ಮಾರ್ಗಸೂಚಿ ಕಿರುವಿವರಣೆಯನ್ನು ಸುಮಾರು 50 ಅಕ್ಷರಗಳಿಗೆ ಮಿತಿಗೊಳಿಸಲು ಹೇಳುತ್ತದೆ.

ಇದಕ್ಕಿಂತ ಗಹನವಾದುದು ಉತ್ತರದ ಸಮಸ್ಯೆ. ಇಂಗ್ಲಿಷಿನ ಸಮ್ಮತಿ-ನಿರಾಕರಣೆಗಳ ಒಂದೇ ಜೋಡಿ ಎಲ್ಲ ಪ್ರಶ್ನೆಗಳಿಗೂ ಹೊಂದುತ್ತದೆ. ಕನ್ನಡದಲ್ಲಿ ಉತ್ತರವನ್ನು ಪ್ರಶ್ನೆಯ ಆಖ್ಯಾತವೇ ನಿರ್ಧರಿಸುತ್ತದೆ: ‘ಇದೆಯೇ’ ಎಂದರೆ ಇದೆ-ಇಲ್ಲ, ‘ಇದುವೇ’ ಎಂದರೆ ಹೌದು-ಅಲ್ಲ, ‘ಬೇಕೇ’ ಎಂದರೆ ಬೇಕು-ಬೇಡ. ಪ್ರಶ್ನೆಯ ಪಾಠ ಒಂದೆಡೆ, ಗುಂಡಿಗಳ ಪದಗಳು ಇನ್ನೊಂದೆಡೆ ಅನುವಾದಗೊಳ್ಳುವುದರಿಂದ ‘ದತ್ತಸಂಚಯವನ್ನು ಅಳಿಸಬೇಕೇ?’ ಎಂಬುದರ ಕೆಳಗೆ ‘ಹೌದು’, ‘ಇಲ್ಲ’ ಎಂದು ಬರಬಹುದು. ‘ಬೇಕು’ ಎಂಬುದಕ್ಕೆ ಇಚ್ಛೆ ಮತ್ತು ಅಗತ್ಯ ಎರಡೂ ಅರ್ಥಗಳಿವೆ. ‘ಬೇಡ’, ‘ಬೇಕಾಗಿಲ್ಲ’ ಎಂದು ಅವನ್ನು ಬೇರ್ಪಡಿಸುವುದು ನಿಷೇಧರೂಪ ಮಾತ್ರ. ‘ಇಲ್ಲ’ ಎಂಬ ಗುಂಡಿ ಆ ಭೇದವನ್ನೇ ಅಳಿಸಿಹಾಕುತ್ತದೆ. ಒತ್ತಿದ ಮೇಲೆ ಹೋಗುವುದು ಯಾರದೋ ವರ್ಷಗಳ ದತ್ತಾಂಶವಾದುದರಿಂದ ಇದನ್ನು ಬರಿಯ ಶೈಲಿಯ ದೋಷವೆಂದು ನಾವು ಬಿಡಲಾರೆವು. ‘ಅಳಿಸಲೇ?’ ಎಂದು ಬದಲಿಸಿದರೆ ಅದರಲ್ಲಿ ಉತ್ತಮಪುರುಷ ಅಡಗಿದೆ. ಪಾಠಗಳಲ್ಲಿ ಉತ್ತಮಪುರುಷ ಸಲ್ಲದೆಂದು ಅದೇ ಮಾರ್ಗಸೂಚಿಯಿದೆ.

ಮಾರ್ಗಸೂಚಿಯ ನಿಯಮಗಳೆಲ್ಲವೂ ಕನ್ನಡಕ್ಕೆ ಪ್ರತಿಕೂಲವೆಂದಲ್ಲ. ಲಿಂಗತಟಸ್ಥವಾಗಿ ಬರೆಯಬೇಕೆಂಬುದನ್ನು ‘ಬಳಕೆದಾರರು’ ಎಂಬ ಗೌರವ ಬಹುವಚನ ಸುಲಭವಾಗಿ ಪಾಲಿಸುತ್ತದೆ. ಆದರೆ ವಿವರಣೆಯಲ್ಲಿ ಗುಂಡಿಯ ಪದವನ್ನು ಹೆಸರಿಸಬಾರದೆಂಬ ನಿಯಮದಿಂದಾಗಿ ‘ಬೇಡವೆನ್ನಿ’ ಎಂಬ ಸಹಜ ಮಾತು ನಿಷಿದ್ಧವಾಗಿ, ‘ಈ ಆಯ್ಕೆಯನ್ನು ನಿರಾಕರಿಸಿ’ ಎಂಬ ಪುಸ್ತಕದ ಕನ್ನಡ ಉಳಿಯುತ್ತದೆ. (ಲಿನಕ್ಸಿನ ಬರಿಯ ಪಠ್ಯಪರದೆ ಕನ್ನಡದ ಒತ್ತಕ್ಷರಗಳನ್ನು ಮೂಡಿಸಲಾರದೆಂಬುದು ಬೇರೆಯೇ ಕಥೆ.)

ಏಕರೂಪತೆಯನ್ನು ನಾವು ವಿರೋಧಿಸುತ್ತಿಲ್ಲ. ಅದರ ಘಟಕ ತಪ್ಪಾಗಿದೆ ಎನ್ನುತ್ತಿದ್ದೇವೆ. ಪ್ರಶ್ನೆಯನ್ನೂ ಅದರ ಎರಡು ಉತ್ತರಗಳನ್ನೂ ಕೂಡಿಸಿ ಒಂದೇ ಘಟಕವಾಗಿ ಅನುವಾದಕರ ಕೈಗೆ ಕೊಟ್ಟರೆ ‘ಬೇಕು’, ‘ಬೇಡ’ ಎಂಬ ಗುಂಡಿಗಳು ಸಾಧ್ಯ. ಬದಲಾಗಬೇಕಾದುದು ಪಾಠದ ವಿನ್ಯಾಸವಾದುದರಿಂದ ಆ ಕೋರಿಕೆ ಹೋಗಬೇಕಾದುದು ಪದಕೋಶ ಸಮಿತಿಗಲ್ಲ, ಪ್ಯಾಕೇಜಿನ ನಿರ್ವಾಹಕರಿಗೆ.