ಕರೆಂಟಿಲ್ಲದ ಕರೆಂಟು

ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಫಿಸಿಯೊಥೆರಪಿಗೆ ಹೋಗಿಬಂದವರನ್ನು ಮಾತಾಡಿಸಿ ನೋಡಿ. ವ್ಯಾಯಾಮದ ಸುದ್ದಿ ಎತ್ತುವುದಿಲ್ಲ. ‘ಕರೆಂಟ್ ಇಡಿಸ್ಕೊಂಡು ಬಂದೆ, ಹಗುರಾಯ್ತು’ ಅನ್ನುತ್ತಾರೆ. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ದುಡಿದು ನಿವೃತ್ತರಾದವರ ಸೊಂಟವಿರಲಿ, ಮೆಟ್ಟುಗತ್ತಿಯ ಮುಂದೆ ಸರಿರಾತ್ರಿವರೆಗೆ ಕೂತು ಅಡಿಕೆ ಸುಲಿದವರ ಬೆನ್ನಿರಲಿ, ಮರ್ಯಾದೆಯೆಲ್ಲ ಆ ಕರೆಂಟಿನ ಪೆಟ್ಟಿಗೆಗೇ.

ಪೆಟ್ಟಿಗೆಯ ಹೆಸರು ಐಎಫ್‌ಟಿ. ಪ್ಯಾಡುಗಳನ್ನು ಸೊಂಟಕ್ಕೆ ಪಟ್ಟಿಯಿಂದ ಬಿಗಿದು, ಗುಂಡಿ ತಿರುಗಿಸುತ್ತ ‘ಜುಮುಜುಮು ಅಂತಿದೆಯಾ? ಇನ್ನೂ ಸ್ವಲ್ಪ ಕೊಡ್ಲಾ?’ ಎಂದು ಕೇಳುತ್ತಾರೆ. ನನ್ನ ಕಿವಿ ಇರುವುದು ಯಂತ್ರದ ಗುಂಯ್‌ಗುಡುವಿಕೆಗಲ್ಲ, ಈ ವಿಚಾರಣೆಗೆ.

ಕೆನಡಾದ ಆಲ್ಬರ್ಟಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಹುಕಾಲದ ಸೊಂಟನೋವಿದ್ದ 117 ಮಂದಿಗೆ ಇದೇ ಐಎಫ್‌ಟಿ ಇಟ್ಟರು. ಸುಮಾರು ಅರ್ಧ ಜನಕ್ಕೆ ಪ್ಯಾಡ್ ಕಟ್ಟಿದರೇ ಹೊರತು ಕರೆಂಟು ಹರಿಸಲಿಲ್ಲ. ಎರಡೂ ಕಡೆ ಕೆಲವರನ್ನು ಥೆರಪಿಸ್ಟ್ ಹಾಗೇ ಬಿಟ್ಟು ಹೋದರು. ಉಳಿದವರ ಜೊತೆಯಲ್ಲೇ ಇದ್ದು ಅವರ ನೋವಿನ ಕಥೆ ಕೇಳಿದರು. ಕರೆಂಟೂ ಮಾತೂ ಸಿಗದವರ ನೋವು ತಗ್ಗಿದ್ದು ಸುಮಾರು ಶೇ 25. ಬರೀ ಕರೆಂಟು ಸಿಕ್ಕವರದು 46. ಕರೆಂಟಿಲ್ಲದೆ ಮಾತು ಸಿಕ್ಕವರದು 55! ಎರಡೂ ಸಿಕ್ಕವರದು 77.

ಹಾಗಾದರೆ ಇದೆಲ್ಲ ಬರೀ ಭ್ರಮೆಯೇ? ಅಲ್ಲ. 1978ರಲ್ಲಿ ಅಮೆರಿಕದ ಸಂಶೋಧಕರು ಹಲ್ಲು ಕೀಳಿಸಿಕೊಂಡವರ ಮೇಲೆ ಪ್ರಯೋಗ ನಡೆಸಿದರು. ಹುಸಿಮದ್ದಿನಿಂದಲೇ ಹಾಯೆನಿಸಿದ್ದವರಿಗೆ ನ್ಯಾಲೊಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ಮಾರ್ಫಿನ್‌ನಂಥ ಮದ್ದುಗಳ ಕೆಲಸಕ್ಕೆ ತಡೆ ಹಾಕುವ ಔಷಧ ಅದು. ಅಂದರೆ, ದೇಹ ತನ್ನದೇ ನೋವುನಿವಾರಕವನ್ನು ಒಳಗೇ ಹರಿಸಿಕೊಂಡಿತ್ತು ಎಂಬುದಕ್ಕೆ ಸುಳಿವು ಸಿಕ್ಕಿತು.

ಹಳೆಯ ನಂಬಿಕೆಯಂತೆ, ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟ ತುಳಿಸಿಕೊಂಡು ಎದ್ದು ಓಡಾಡಿದ ಅಜ್ಜಂದಿರೂ ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ಸವೆದ ಕೀಲು ಅದರಿಂದ ಹೊಸದಾಗಲಿಲ್ಲ, ಸೋತ ಸ್ನಾಯು ಗಟ್ಟಿಯಾಗಲಿಲ್ಲ. ಸ್ನಾಯು ಗಟ್ಟಿ ಮಾಡುವ ಕೆಲಸ ವ್ಯಾಯಾಮದ್ದು. ನೋವು ಹಗುರಾದ ಹೊತ್ತು ನೋಡಿ ರೋಗಿಯನ್ನು ಮಂಚದಿಂದಿಳಿಸಿ ಸೊಂಟ ಬಗ್ಗಿಸುವುದು, ಎತ್ತುವುದು ಕಲಿಸುವವರೇ ನನ್ನ ಲೆಕ್ಕದಲ್ಲಿ ಒಳ್ಳೆಯ ಥೆರಪಿಸ್ಟ್. ಮಷಿನ್ ಹಚ್ಚಿ, ಮೊಬೈಲ್ ಹಿಡಿದು ಆಚೆ ಹೋಗುವವರು ತಾವು ಕೊಡಬಹುದಾದ ಮದ್ದಿನ ದೊಡ್ಡ ಪಾಲನ್ನೇ ಕೊಡದೆ ಹೋಗುತ್ತಾರೆ.

ಹತ್ತು ದಿನದ ದುಡ್ಡು ಮುಂಗಡ ಕಟ್ಟುವ ಮೊದಲು ‘ಮನೆಯಲ್ಲಿ ನಾನೇನು ಮಾಡಬೇಕು?’ ಎಂದು ಕೇಳಿ. ಉತ್ತರ ತಡವರಿಸಿದರೆ, ಬೇರೆ ಕಡೆ ವಿಚಾರಿಸಿ.